ದೃಷ್ಟಿ ಕುಂದಿದ ಮನೆ ಮತ್ತು ಆಪ್ತವಾಕ್ಯ

ಈ ಸಲದ ರಥಸಪ್ತಮಿಯ ಸಾಯಂಕಾಲ, ನಮ್ಮ ದೇವಸ್ಥಾನದ ಪ್ರಾಕಾರದಲ್ಲಿ ಪ್ರವಚನ ಮುಗಿದು ಮಂಗಳಾರತಿಗೆ ಇನ್ನೂ ಸ್ವಲ್ಪ ಅವಕಾಶವಿದ್ದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಎಪ್ಪತ್ತರ ಸಮೀಪದ ಸುವಾಸಿನಿಯೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಬೆಳಿಗ್ಗೆ ಎಲ್ಲರೂ ಎಕ್ಕದ ಎಲೆಗಳನ್ನು ತಲೆ ಭುಜಗಳ ಮೇಲಿರಿಸಿಕೊಂಡು ಸ್ನಾನಮಾಡಿ ಸೂರ್ಯನಿಗೆ ಅರ್ಘ್ಯ ಕೊಟ್ಟು ಬಂದವರು. ಚಕ್ಷುರಿಂದ್ರಿಯಕ್ಕೆ ಸೂರ್ಯನು ಅಭಿಮಾನಿದೇವತೆ ಎಂಬುದು ಅಂದಿನ ಪ್ರವಚನದ ವಿಷಯ. ಮಾತಿನ ನಡುವೆ ಪ್ರವಚನಕಾರರು ಗಾಂಧಾರಿಯ ಪಾತಿವ್ರತ್ಯವನ್ನು ಕೊಂಡಾಡಿದ್ದರು. ಆಕೆ ಕೇಳಿದ್ದು ಇಷ್ಟು: "ಆಚಾರ್ಯರೇ, ನಮ್ಮವರಿಗೆ ಎರಡು ವರ್ಷದಿಂದ ಕಣ್ಣು ಕಾಣಿಸುವುದಿಲ್ಲ. ಗಾಂಧಾರಿಯ ಹಾಗೆ ನಾನೂ ಬಟ್ಟೆ ಕಟ್ಟಿಕೊಂಡರೆ ಒಲೆ ಹಚ್ಚುವವರು ಯಾರು?"

ಸಭೆ ನಕ್ಕಿತು. ಆಚಾರ್ಯರೂ ನಕ್ಕು, ಅದು ಕ್ಷತ್ರಿಯ ರಾಜಪುತ್ರಿಯ ವಿಶೇಷ ವ್ರತವೇ ಹೊರತು ಎಲ್ಲರಿಗೂ ವಿಧಿಯಲ್ಲ ಎಂದು ಸಮಾಧಾನ ಹೇಳಿದರು. ಅಷ್ಟರಲ್ಲಿ ಘಂಟೆ ಬಾರಿಸಿತು. ಆದರೆ ಆ ಪ್ರಶ್ನೆ ನಗುವಿನೊಂದಿಗೆ ಮುಗಿಯತಕ್ಕದ್ದಲ್ಲವೆಂದು ನನಗೆ ತೋರಿತು. ವೃದ್ಧಾಪ್ಯದಲ್ಲಿ ಒಬ್ಬರ ಕಣ್ಣು ಹೋದರೆ ಉಳಿದವರ ಧರ್ಮವೇನು? ಹೆಂಡತಿಯ ಧರ್ಮವೇನು, ಮಕ್ಕಳ ಧರ್ಮವೇನು, ಕಣ್ಣು ಕಳೆದುಕೊಂಡವರ ಧರ್ಮವೇನು? ನನ್ನ ಮನೆಯಲ್ಲಿಯೇ ಈ ಪ್ರಶ್ನೆ ಏಳು ವರ್ಷಗಳಿಂದ ಇರುವುದರಿಂದ, ವಿದ್ವತ್ತಿನ ಬಲಕ್ಕಿಂತ ಅನುಭವದ ಬಲದಿಂದ ನಾಲ್ಕು ಮಾತು ಬರೆಯಲು ಧೈರ್ಯಮಾಡಿದ್ದೇನೆ.

ಪಾಠಶಾಲೆಯಲ್ಲಿ ಶ್ರೀಜಯತೀರ್ಥರ 'ಪ್ರಮಾಣಪದ್ಧತಿ'ಯನ್ನು ಓದುವಾಗ, ದೋಷರಹಿತವಾದ ಇಂದ್ರಿಯಕ್ಕೆ ದೋಷರಹಿತವಾದ ವಿಷಯದೊಡನೆ ಸಂಬಂಧವುಂಟಾದರೆ ಅದು ಪ್ರತ್ಯಕ್ಷಪ್ರಮಾಣವೆಂದು ಕಲಿತೆವು. ಇಂದ್ರಿಯದೋಷವೆಂದರೇನು ಎಂದು ಕೇಳಿದರೆ ಗುರುಗಳು ಕಾಚ, ಕಾಮಲೆ ಎಂದು ಹೇಳುವರು. ಕಾಮಲೆಯಾದವನಿಗೆ ಬಿಳಿಯ ಶಂಖವು ಹಳದಿಯಾಗಿ ತೋರುತ್ತದೆ. ಹದಿನಾರು ವರ್ಷದ ನಮಗೆ ಆ ಕಾಚವೂ ಕಾಮಲೆಯೂ ಗ್ರಂಥದೊಳಗಿನ ರೋಗಗಳು. ಪರೀಕ್ಷೆಯಲ್ಲಿ ಬರೆಯಲು ಇರುವ ಉದಾಹರಣೆಗಳು. ಅವು ಮನೆಯ ಹೊಸ್ತಿಲು ದಾಟಿ ಒಳಗೆ ಬರುವುವೆಂದು ಯಾರು ಎಣಿಸಿದ್ದರು?

ನನ್ನ ತಂದೆಯವರು ನಲವತ್ತು ವರ್ಷಕ್ಕೂ ಮಿಕ್ಕಿ ದೇವರ ಪೂಜೆ ಮಾಡಿದವರು. ಅವರಿಗೆ ಬಂದದ್ದು ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಹೆಚ್ಚಿ ದೃಷ್ಟಿಯ ನರ ಮೆಲ್ಲಮೆಲ್ಲನೆ ಕ್ಷೀಣಿಸುವ ರೋಗವಿದು. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ಮೊದಲು ಅಂಚಿನ ದೃಷ್ಟಿ ಹೋಗುತ್ತದೆ. ನಡುವಿನದು ಬಹುಕಾಲ ನಿಲ್ಲುತ್ತದೆ. ಆದ್ದರಿಂದ ಪಂಚಾಂಗದ ಸಣ್ಣ ಅಕ್ಷರವನ್ನು ಓದುವ ಮನುಷ್ಯನೇ ಪಕ್ಕದಲ್ಲಿಟ್ಟ ತಂಬಿಗೆಯನ್ನು ಎಡವುತ್ತಾನೆ. ನಮ್ಮ ಮನೆಯಲ್ಲಿ ನಡೆದದ್ದೂ ಹಾಗೆಯೇ. ರಂಗೋಲಿ ತುಳಿದರು, ಬಾಗಿಲವಾಡಕ್ಕೆ ಭುಜ ತಗುಲಿಸಿಕೊಂಡರು, ಪಂಚಪಾತ್ರೆಯ ನೀರನ್ನು ಎರಡು ಬಾರಿ ಚೆಲ್ಲಿದರು. ನಾವು ಅದನ್ನು ಅಲಕ್ಷ್ಯವೆಂದೆವು, ವಯಸ್ಸೆಂದೆವು. ನಾನಂತೂ ಒಮ್ಮೆ ಗದರಿಯೂ ಬಿಟ್ಟೆ. ಕಡೆಗೆ ಒಂದು ಏಕಾದಶಿಯ ರಾತ್ರಿ ಆರತಿಯ ತಟ್ಟೆ ಬಾಗಿ ಉರಿಯುವ ಬತ್ತಿ ಅವರ ಮಡಿಯ ಮೇಲೆ ಬಿದ್ದಿತು. ಮರುದಿನ ಪಾರಣೆ ಮುಗಿಸಿ ವೈದ್ಯರ ಬಳಿಗೆ ಕರೆದೊಯ್ದೆವು. ಹೋದ ದೃಷ್ಟಿ ಮರಳದು, ಇರುವುದನ್ನು ಉಳಿಸಿಕೊಳ್ಳಲು ಹನಿಗಳನ್ನು ತಪ್ಪದೆ ಹಾಕಬೇಕು ಎಂದರು. ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದೂ ಹೇಳಿದರು. ಇದು ವಂಶದಲ್ಲಿ ಹರಿಯುವುದುಂಟು.

ನಮ್ಮ ಹಿರಿಯರು ಕಣ್ಣಿನ ತೊಂದರೆಯೆಂದರೆ ಎಲ್ಲವನ್ನೂ 'ಪೊರೆ' ಎಂದೇ ತಿಳಿಯುತ್ತಾರೆ. ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. 2005ರಲ್ಲಿ ನಿಧನರಾದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ನಡೆಸಿ ಎಷ್ಟು ಜನರಿಗೆ ಬೆಳಕು ಕೊಟ್ಟರೆಂಬುದನ್ನು ಕನ್ನಡನಾಡು ಬಲ್ಲದು. ಗ್ಲಾಕೋಮಾ ಹಾಗಲ್ಲ. "ಪೊರೆ ಬಲಿಯಲಿ, ಆಮೇಲೆ ತೆಗೆಸೋಣ" ಎಂದು ಕಾಯುತ್ತ ಕುಳಿತವರು ಕಾದಷ್ಟೂ ಕಳೆದುಕೊಳ್ಳುತ್ತಾರೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಹನಿ ಗಂಟಲಿಗೆ ಇಳಿಯುವುದೆಂಬ ಶಂಕೆಯಿಂದ ಏಕಾದಶಿಯಂದು ಔಷಧ ಬಿಡುವವರಿದ್ದಾರೆ. ತಂದೆಯವರೂ ಬಿಟ್ಟಿದ್ದರು. ಔಷಧವು ವ್ರತವನ್ನು ಕೆಡಿಸದೆಂಬ ಸ್ಮೃತಿವಚನವನ್ನು ಹಿರಿಯ ವಿದ್ವಾಂಸರೊಬ್ಬರಿಂದ ಹೇಳಿಸಿದ ಮೇಲೆಯೇ ಒಪ್ಪಿದರು.

ಇನ್ನು ದಾಂಪತ್ಯದ ವಿಷಯ. ನಮ್ಮ ಹಳೆಯ ಮನೆಗಳಲ್ಲಿ ಗಂಡಹೆಂಡಿರು ಬಾಯಿಯಿಂದ ಆಡುತ್ತಿದ್ದ ಮಾತು ಬಹಳ ಕಡಿಮೆ. ಅತ್ತೆಮಾವಂದಿರ ಎದುರಿಗೆ, ಬಂದವರ ಎದುರಿಗೆ ಆಡುವುದೇನಿದ್ದರೂ ಕಣ್ಣಿನಲ್ಲಿಯೇ. ಪಂಕ್ತಿಯಲ್ಲಿ ಬಡಿಸುವಾಗ ತಂದೆಯವರು ಒಂದು ಎಲೆಯ ಕಡೆ ನೋಡಿ ತಾಯಿಯ ಕಡೆ ನೋಡಿದರೆ ಆ ಎಲೆಗೆ ತುಪ್ಪ ಬೀಳುತ್ತಿತ್ತು. ದಕ್ಷಿಣೆ ಎಷ್ಟು ಕೊಡಬೇಕು, ನೆಂಟರು ಇನ್ನೆಷ್ಟು ದಿನ ನಿಲ್ಲುವರು, ಯಾರ ಮಾತು ಬೇಸರ ತಂದಿತು, ಎಲ್ಲವೂ ಹಾಗೆಯೇ. ನಾವು ಮಕ್ಕಳು ಅದನ್ನು ಗಮನಿಸಿಯೇ ಇರಲಿಲ್ಲ. ನಿಂತುಹೋದ ಮೇಲೆ ಗೊತ್ತಾಯಿತು. ಕಣ್ಣು ಹೋದಾಗ ತಂದೆಯವರು ಕಳೆದುಕೊಂಡದ್ದು ಜಗತ್ತಿನ ರೂಪವನ್ನು ಮಾತ್ರವಲ್ಲ, ಹೆಂಡತಿಯೊಡನೆ ಆಡುತ್ತಿದ್ದ ಭಾಷೆಯನ್ನು. ತಾಯಿಗೂ ಅಷ್ಟೇ ನಷ್ಟ. ಅರವತ್ತೈದು ವರ್ಷದ ಹೆಂಗಸು ಗಂಡನೊಡನೆ ಬಾಯಿಬಿಟ್ಟು ಮಾತಾಡುವುದನ್ನು ಹೊಸದಾಗಿ ಕಲಿಯಬೇಕಾಯಿತು. ಮೊದಮೊದಲು ಆಕೆ ಅವರ ಮುಂದೆ ನಿಂತು ತಲೆಯಾಡಿಸಿ ಹೋಗಿಬಿಡುತ್ತಿದ್ದಳು. ಅವರು ಉತ್ತರಕ್ಕಾಗಿ ಕಾಯುತ್ತ ಕುಳಿತಿರುತ್ತಿದ್ದರು. ಎಷ್ಟೋ ಮನೆಗಳಲ್ಲಿ "ಅವರಿಗೆ ಸಿಟ್ಟು ಹೆಚ್ಚಾಗಿದೆ", "ಅವಳು ನನ್ನನ್ನು ಲಕ್ಷಿಸುವುದಿಲ್ಲ" ಎಂಬ ದೂರುಗಳ ಮೂಲ ಇಷ್ಟೇ ಇರಬಹುದೆಂದು ನನ್ನ ಊಹೆ.

ಆಕೆ ಕಲಿತ ಮೊದಲ ಮಾತುಗಳಲ್ಲಿ ಒಂದು ಸುಳ್ಳೂ ಇತ್ತು. ತಂದೆಯವರ ಊಟವಾದ ಮೇಲೆ ಆಕೆ ಉಣ್ಣುವುದು ಮನೆಯ ಪದ್ಧತಿ. ಮೊದಲೆಲ್ಲ ಅವರು ಏಳುವ ಮುನ್ನ ಪಾತ್ರೆಯಲ್ಲಿ ಎಷ್ಟು ಉಳಿದಿದೆಯೆಂದು ಒಮ್ಮೆ ನೋಡುತ್ತಿದ್ದರು. ಈಗ ಕೇಳುತ್ತಾರೆ, ಆಕೆ "ನನಗೆ ಬೇಕಾದಷ್ಟಿದೆ" ಎನ್ನುತ್ತಾಳೆ. ಅನಿರೀಕ್ಷಿತವಾಗಿ ಅತಿಥಿಗಳು ಬಂದಿದ್ದ ಒಂದು ಮಧ್ಯಾಹ್ನ ಆಕೆ ಹೀಗೆಂದಾಗ ತಂದೆಯವರು, "ಸೌಟು ತಳ ಕೆರೆದದ್ದು ಕೇಳಿಸಿತು" ಎಂದಷ್ಟೇ ಹೇಳಿ ಎದ್ದುಬಿಟ್ಟರು. ಪ್ರೀತಿಯಿಂದ ಆಡಿದ ಸುಳ್ಳು ಅದು. ಅವರಿಗೆ ತಿಳಿಯಿತು, ತಿಳಿಯಿತೆಂದು ಆಕೆಗೂ ತಿಳಿಯಿತು. ಅಂದು ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ನನ್ನ ಸುಳ್ಳು ಅಷ್ಟು ಪ್ರೀತಿಯದೂ ಆಗಿರಲಿಲ್ಲ. ಅಂಗಳದ ಬೃಂದಾವನಕ್ಕೆ ನೀರು ಹಾಕುವುದು ನನ್ನ ಪಾಲಿನ ಕೆಲಸ. ಒಂದು ವರ್ಷ ಗಿಡ ಒಣಗಿತು. ಪೂಜೆಗೆ ಬೇಕಾದ ತುಲಸಿಯನ್ನು ಪಕ್ಕದ ಮನೆಯಿಂದ ತಂದಿಡುತ್ತಿದ್ದೆ. "ಬೃಂದಾವನ ಹೇಗಿದೆಯಪ್ಪಾ?" ಎಂದು ತಂದೆಯವರು ಕೇಳಿದಾಗಲೆಲ್ಲ "ಚೆನ್ನಾಗಿದೆ" ಎಂದೆ. ಹೊಸ ಗಿಡ ನೆಟ್ಟರಾಯಿತು, ಸುಮ್ಮನೆ ಏಕೆ ನೋಯಿಸುವುದು ಎಂಬ ಸಮಾಧಾನ ನನಗೆ. ನೆಡುವುದು ಮುಂದೆ ಬಿದ್ದಿತು. ಉತ್ಥಾನದ್ವಾದಶಿಯ ಸಂಜೆ, ದೀಪ ಹಚ್ಚುವ ಮುನ್ನ ಅವರು ತಾವಾಗಿಯೇ ಗೋಡೆ ಹಿಡಿದು ಬಂದು ಗಿಡದ ಮೇಲೆ ಕೈಯಿಟ್ಟರು. ಕಡ್ಡಿ ಪಟ್ಟೆಂದು ಮುರಿಯಿತು. ಅವರು ಸಿಟ್ಟಾಗಲಿಲ್ಲ. "ನೀನು ನೋಡಿ ಹೇಳುತ್ತಿದ್ದೀ ಎಂದುಕೊಂಡಿದ್ದೆ" ಎಂದರು.

ಅದರ ಮರುದಿನದಿಂದ ಅವರು ಎಲ್ಲವನ್ನೂ ಮುಟ್ಟಿ ನೋಡತೊಡಗಿದರು. ನಾನು ಎಣಿಸಿ ಕೊಟ್ಟ ಹಣವನ್ನು ಸೊಸೆಯ ಕೈಯಲ್ಲಿ ಮತ್ತೆ ಎಣಿಸುವರು. ತಿಥಿ ಯಾವುದೆಂದು ನನ್ನನ್ನು ಕೇಳಿ, ಆಮೇಲೆ ತಾಯಿಯನ್ನು ಕೇಳುವರು. ಇದು ಅವಮಾನವೆಂದು ನನಗೆ ಕೆಲವು ದಿನ ತೋರಿತು. ನಂತರವೇ, ಪಾಠಶಾಲೆಯಲ್ಲಿ ಓದಿದ್ದು ಏನೆಂದು ಅರ್ಥವಾಯಿತು.

ನಮ್ಮ ಸಿದ್ಧಾಂತದಲ್ಲಿ ಜ್ಞಾನಕ್ಕೆ ಸಾಧನಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ನಿರ್ದೋಷವಾದ ಶಬ್ದವೇ ಆಗಮ. ಕಣ್ಣುಳ್ಳವನಿಗೆ ಅಂಗಳದ ತುಲಸಿಯ ವಿಷಯದಲ್ಲಿ ಆಗಮದ ಅಪೇಕ್ಷೆಯಿಲ್ಲ, ನೋಡಿದರೆ ತೀರಿತು. ಕಣ್ಣು ಹೋದವನಿಗೆ ಉಳಿದದ್ದು ಸೌಟಿನ ಸದ್ದಿನಿಂದ ಮಾಡುವ ಅನುಮಾನ, ಮತ್ತು ಮನೆಯವರ ಮಾತು. ಬಣ್ಣ, ಬೆಳಕು, ಮುಖದ ಭಾವ, ಗೋಡೆಯ ಬಿರುಕು ಇವೆಲ್ಲ ಅವನಿಗೆ ಶಬ್ದದಿಂದಲೇ ತಿಳಿಯಬೇಕು. ಎಂದರೆ ಅವನ ಪಾಲಿಗೆ ಹೆಂಡತಿ, ಮಗ, ಸೊಸೆ ಪ್ರಮಾಣದ ಸ್ಥಾನದಲ್ಲಿದ್ದಾರೆ. ವೇದಕ್ಕೆ ಅಪೌರುಷೇಯತ್ವದಿಂದ ನಿರ್ದೋಷತ್ವ ಬಂದಿದೆ. ಪುರುಷನ ಮಾತಿಗೆ ಅದು ಆಪ್ತತ್ವದಿಂದ ಮಾತ್ರ ಬರಬೇಕು. ಆಪ್ತನಾದವನು ವಿಷಯವನ್ನು ತಾನು ಸರಿಯಾಗಿ ತಿಳಿದಿರಬೇಕು, ವಂಚಿಸುವ ಮನಸ್ಸಿಲ್ಲದಿರಬೇಕು. ನಾವು 'ಆಪ್ತರು' ಎಂಬ ಮಾತನ್ನು ಮದುವೆಯ ಕರೆಯೋಲೆಗಳಲ್ಲಿ ಎಷ್ಟು ಅಗ್ಗವಾಗಿ ಅಚ್ಚುಹಾಕಿಸುತ್ತೇವೆ! ತಂದೆಯವರಿಗೆ ನಾನು ಮಗನಾಗಿಯೇ ಉಳಿದಿದ್ದೆ, ಆಪ್ತನಾಗಿ ಉಳಿದಿರಲಿಲ್ಲ. ಒಂದು ಗಿಡದ ವಿಷಯದಲ್ಲಿ ಬಾಧಿತವಾದ ಮಾತು ತಿಥಿಯ ವಿಷಯದಲ್ಲಿಯೂ ಶಂಕೆಗೆ ಎಡೆಯಾಯಿತು. ಅದರಲ್ಲಿ ತರ್ಕದ ದೋಷವೇನೂ ಇಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ಹೊರಗಿನ ಐದು ಇಂದ್ರಿಯಗಳು, ಮನಸ್ಸು, ಇವುಗಳಲ್ಲದೆ ಸಾಕ್ಷಿಯೆಂಬ ಸ್ವರೂಪೇಂದ್ರಿಯವನ್ನು ಶ್ರೀಮದಾಚಾರ್ಯರು ಪ್ರತಿಪಾದಿಸಿದ್ದಾರೆ. ಸುಖದುಃಖಗಳು ಸಾಕ್ಷಿಗೆ ನೇರವಾಗಿ ಗೋಚರ. ಆ ಜ್ಞಾನಕ್ಕೆ ಬಾಧೆಯಿಲ್ಲ. ತುಲಸಿಯ ವಿಷಯದಲ್ಲಿ ಅಂಧನನ್ನು ವಂಚಿಸಬಹುದು, ಆದರೆ ತಾನು ವಂಚಿತನಾದೆ ಎಂಬ ದುಃಖದ ವಿಷಯದಲ್ಲಿ ಅವನನ್ನು ಯಾರೂ ವಂಚಿಸಲಾರರು. "ಅವರಿಗೇನು ಗೊತ್ತಾಗುತ್ತದೆ" ಎಂದು ಮನೆಯಲ್ಲಿ ಪಿಸುಗುಟ್ಟುವವರು ಇದನ್ನು ಯೋಚಿಸಬೇಕು.

ಈಗ ಗಾಂಧಾರಿಯ ಪ್ರಶ್ನೆಗೆ ಬರಬಹುದು. ಪತಿಯಲ್ಲಿ ಅಸೂಯೆ ಹುಟ್ಟಬಾರದೆಂಬ ನಿಶ್ಚಯದಿಂದ ಆಕೆ ಕಣ್ಣು ಕಟ್ಟಿಕೊಂಡಳು. ಆ ಸಂಕಲ್ಪದ ಹಿರಿಮೆಯನ್ನು ಅಲ್ಲಗಳೆಯಲು ನಾನಾರು? ಆದರೆ ಧೃತರಾಷ್ಟ್ರನಿಗೆ ಬೇಕಾಗಿದ್ದದ್ದು ಇನ್ನೊಬ್ಬ ಅಂಧ ಸಂಗಾತಿಯೋ, ನೋಡಿ ಹೇಳುವ ಸಂಗಾತಿಯೋ? ಪತಿಗಿಲ್ಲದ ಭೋಗ ತನಗೆ ಬೇಡವೆನ್ನುವುದು ತ್ಯಾಗ. ಪತಿಗಿಲ್ಲದ ಇಂದ್ರಿಯವನ್ನು ಪತಿಗಾಗಿಯೇ ಉಳಿಸಿಕೊಳ್ಳುವುದು ಸೇವೆ. ಆಕೆ ಧರ್ಮಜ್ಞೆ, ಸಭೆಯಲ್ಲಿ ಮಗನಿಗೆ ಬುದ್ಧಿ ಹೇಳಿದವಳು. ಆದರೂ ಮಗ ಬೆಳೆಯುವುದನ್ನು ತಂದೆಯೂ ನೋಡಲಿಲ್ಲ, ತಾಯಿಯೂ ನೋಡಲಿಲ್ಲ. ಒಲೆ ಹಚ್ಚುವವರಾರು ಎಂದು ಕೇಳಿದ ಆ ಸುವಾಸಿನಿ ನಗೆಯ ಮಾತಾಡಲಿಲ್ಲವೆಂದು ನನ್ನ ಅಭಿಪ್ರಾಯ. ವಿದ್ವಾಂಸರು ತಪ್ಪಿದ್ದರೆ ತಿದ್ದಬೇಕು.

ಧೃತರಾಷ್ಟ್ರನ ಕಣ್ಣಾಗಿ ನಿಂತವನು ಸಂಜಯ. ಯುದ್ಧಕ್ಕೆ ಮುನ್ನ ವೇದವ್ಯಾಸರು ಕಣ್ಣನ್ನೇ ಕೊಡುತ್ತೇನೆಂದಾಗ, ಜ್ಞಾತಿವಧೆಯನ್ನು ನೋಡಲಾರೆ, ಕೇಳಿದರೆ ಸಾಕೆಂದನು ಅರಸ. ಆಗ ಸಂಜಯನಿಗೆ ದಿವ್ಯದೃಷ್ಟಿಯಾಯಿತು. ಅವನು ಹೇಳಿದ್ದರಲ್ಲಿ ಅರಸನ ಕಿವಿಗೆ ಹಿತವಾದದ್ದು ಎಷ್ಟು? ಭೀಷ್ಮರು ಬಿದ್ದರೆಂದು ಹೇಳಿದ, ಮಕ್ಕಳು ಒಬ್ಬೊಬ್ಬರಾಗಿ ಸತ್ತರೆಂದು ಹೇಳಿದ, ಇದಕ್ಕೆಲ್ಲ ನಿನ್ನ ಅನ್ಯಾಯವೇ ಕಾರಣವೆಂದು ಮುಖದ ಮೇಲೆ ಹೇಳಿದ. ಆದರೂ ಅರಸ ಮತ್ತೆಮತ್ತೆ ಅವನನ್ನೇ ಕೇಳಿದನು. ಹಿತವನ್ನು ಮಾತ್ರ ಹೇಳುವವನನ್ನು ಕೇಳಿ ಏನು ಪ್ರಯೋಜನ? ಅವನ ಉತ್ತರ ಕೇಳುವ ಮೊದಲೇ ಗೊತ್ತಿರುತ್ತದೆ.

ಇದರ ವಿರುದ್ಧ ತುದಿಯೂ ಭಾರತದಲ್ಲಿಯೇ ಇದೆ. ಹುಟ್ಟುಗುರುಡರಾದ ದೀರ್ಘತಮಸ್ಸೆಂಬ ಋಷಿಗಳನ್ನು ಹೆಂಡತಿ ಪ್ರದ್ವೇಷಿಯು ಇನ್ನು ಸಾಕಲಾರೆನೆಂದಳು; ಮಕ್ಕಳು ಅವರನ್ನು ತೆಪ್ಪಕ್ಕೆ ಕಟ್ಟಿ ಗಂಗೆಯಲ್ಲಿ ತೇಲಿಬಿಟ್ಟರು. ಋಗ್ವೇದದ ಮೊದಲ ಮಂಡಲದ ಅನೇಕ ಸೂಕ್ತಗಳಿಗೆ 'ದ್ರಷ್ಟಾರ'ರಾದವರು ಅವರು. ಇಂದು ಗಂಗೆಗೆ ಬಿಡುವವರಿಲ್ಲ. ಆದರೆ ನಡುಮನೆಯ ಕುರ್ಚಿಯಲ್ಲಿಯೇ ಕೂರಿಸಿ ತೇಲಿಬಿಡುವುದುಂಟು. ಬಂದವರು ತಂದೆಯವರ ಎದುರಿಗೇ ತಾಯಿಯನ್ನು ಕೇಳುತ್ತಾರೆ: "ರಾಯರು ಕಾಫಿ ತೆಗೆದುಕೊಳ್ಳುತ್ತಾರೆಯೇ?" ಕಣ್ಣು ಹೋದರೆ ಕಿವಿ, ನಾಲಗೆ, ಬುದ್ಧಿ ಎಲ್ಲವೂ ಹೋದವೆಂಬ ಭಾವನೆ! ತಾಯಿಯೂ ಕೆಲವು ತಿಂಗಳು ಉತ್ತರ ಕೊಡುತ್ತಿದ್ದಳು. ಒಂದು ದಿನ, "ಅವರನ್ನೇ ಕೇಳಿ, ಅಲ್ಲಿಯೇ ಕುಳಿತಿದ್ದಾರಲ್ಲ" ಎಂದಳು. ನಾನು ಕಂಡಂತೆ ಆಕೆ ಮಾಡಿದ ದೊಡ್ಡ ಸೇವೆ ಅದು.

ಈ ವಿಷಯದಲ್ಲಿ ಸಾವಿತ್ರಿಯ ಮನೆಯನ್ನು ನೋಡಬೇಕು. ಆಕೆಯ ಮಾವ ದ್ಯುಮತ್ಸೇನನು ಹುಟ್ಟುಗುರುಡನಲ್ಲ. ರಾಜ್ಯವಾಳುತ್ತಿದ್ದಾಗ ಕಣ್ಣು ಕಳೆದುಕೊಂಡು, ಅದರಿಂದಲೇ ರಾಜ್ಯವನ್ನೂ ಕಳೆದುಕೊಂಡು, ಹೆಂಡತಿ ಮತ್ತು ಎಳೆಯ ಮಗನೊಡನೆ ಕಾಡು ಸೇರಿದವನು. ಸತ್ಯವಾನನು ಸಾಯುವ ದಿನ ಸಾವಿತ್ರಿಗೆ ಕಾಡಿಗೆ ಹೋಗಲೇಬೇಕಿತ್ತು. ಆದರೂ ಕಣ್ಣಿಲ್ಲದ ಮಾವನ ಎದುರು ನಿಂತು ಅಪ್ಪಣೆ ಬೇಡಿದಳು. ಈ ಮನೆಗೆ ಬಂದಾಗಿನಿಂದ ಇವಳು ಏನನ್ನೂ ಕೇಳಿದ್ದು ನೆನಪಿಲ್ಲ, ಹೋಗಲಿ ಎಂದು ಅವನು ಒಪ್ಪಿದನು. ರಾಜ್ಯ ಹೋಗಿತ್ತು, ದೃಷ್ಟಿ ಹೋಗಿತ್ತು. ಅಪ್ಪಣೆ ಕೊಡುವ ಅಧಿಕಾರ ಮಾತ್ರ ಆ ಪರ್ಣಶಾಲೆಯಲ್ಲಿ ಹೋಗಿರಲಿಲ್ಲ. ಯಮನಲ್ಲಿ ಆಕೆ ಮೊದಲು ಬೇಡಿದ ವರ ಮಾವನ ಕಣ್ಣು, ರಾಜ್ಯ ಆಮೇಲಿನದು. ನಮ್ಮ ಮನೆಯಲ್ಲಿ ತಂದೆಯವರಿಗೆ ತಿಳಿಸದೆ ಗೋಡೆಗೆ ಬಣ್ಣ ಬಳಿಸಿದ್ದೆವು. ಅವರಿಗೆ ಕಾಣದಲ್ಲ ಎಂಬ ಕಾರಣಕ್ಕೆ! ಬಣ್ಣದ ವಾಸನೆಯಿಂದ ತಿಳಿದುಕೊಂಡರು.

ಧರ್ಮವು ಒಂದೇ ಕಡೆಯದಲ್ಲ. ಕಣ್ಣು ಕಳೆದುಕೊಂಡವರೂ ಮನೆಯವರಿಗೆ ಆಪ್ತರಾಗಿರಬೇಕು. ತಂದೆಯವರಿಗೆ ಸಂಜೆಯ ಹೊತ್ತು ಗೋಡೆಯ ಮೇಲೆ ಹೂಬಳ್ಳಿಗಳೂ, ಸಾಲಾಗಿ ನಡೆಯುವ ಚಿಕ್ಕ ಚಿಕ್ಕ ವಟುಗಳೂ ಕಾಣಿಸುತ್ತಿದ್ದವಂತೆ. ಐದು ತಿಂಗಳು ಯಾರಿಗೂ ಹೇಳಲಿಲ್ಲ. ಬುದ್ಧಿಭ್ರಮೆಯೆಂದು ನಾವು ತಿಳಿದೇವೆಂಬ ಭಯ. ಕಡೆಗೆ ತಾಯಿಗೆ ಹೇಳಿದಾಗ ಆಕೆ ಗ್ರಹಬಾಧೆಯೆಂದು ಹೆದರಿದಳು. ವೈದ್ಯರು ವಿವರಿಸಿದರು: ದೃಷ್ಟಿ ಬಹಳವಾಗಿ ಕುಂದಿದ ಕೆಲವರಿಗೆ, ಕಣ್ಣಿನಿಂದ ವಿಷಯ ಬಾರದಿರುವಾಗ ಮಿದುಳು ತಾನಾಗಿ ಚಿತ್ರಗಳನ್ನು ತೋರಿಸುತ್ತದೆ, ಬುದ್ಧಿ ಸರಿಯಾಗಿಯೇ ಇರುತ್ತದೆ. ಚಾರ್ಲ್ಸ್ ಬಾನೆ ಎಂಬ ವಿದ್ವಾಂಸನು ತನ್ನ ತಾತನಿಗೆ ಹೀಗಾದದ್ದನ್ನು 1760ರಲ್ಲಿಯೇ ಬರೆದಿಟ್ಟಿದ್ದಾನೆ. ರೋಗಕ್ಕೆ ಅವನ ಹೆಸರೇ ಉಳಿದಿದೆ. ತಂದೆಯವರು ಇದನ್ನು ಕೇಳಿ, "ಹಾಗಾದರೆ ಅದೂ ಒಂದು ಇಂದ್ರಿಯದೋಷ" ಎಂದು ಪಾಠ ಒಪ್ಪಿಸಿದವರಂತೆ ಹೇಳಿ ನಿಶ್ಚಿಂತರಾದರು. ಈಗ ವಟುಗಳು ಬಂದರೆ ನಮಗೂ ಹೇಳುತ್ತಾರೆ. ಮೊಮ್ಮಗಳು ಎಷ್ಟು ಜನವೆಂದು ಎಣಿಸಿ ಹೇಳಲು ಕೇಳುತ್ತಾಳೆ.

ನಮ್ಮಂಥವರ ಮನೆಗಳಿಗೆ ಒಂದು ವಿಶೇಷ ಕಷ್ಟವುಂಟು, ಅದು ಮಡಿ. ಸ್ನಾನವಾದ ಮೇಲೆ ಬಚ್ಚಲಿನಿಂದ ದೇವರ ಮನೆಯವರೆಗೆ ಅವರ ಕೈ ಹಿಡಿಯುವವರು ಯಾರು? ಮೈಲಿಗೆಯಲ್ಲಿರುವ ನಾವು ಮುಟ್ಟುವಂತಿಲ್ಲ. ಮುಟ್ಟದೆ ಬಿಟ್ಟರೆ ಬೀಳುತ್ತಾರೆ. ಗೋಡೆಗೆ ಹಗ್ಗ ಕಟ್ಟಿ ನೋಡಿದೆವು, ಸರಿಬರಲಿಲ್ಲ. ಉಪಾಯ ಹುಡುಕಿದವಳು ತಾಯಿ. ಬೆಳಗಿನ ಜಾವ ಆಕೆಯೂ ಸ್ನಾನಮಾಡಿ ಅವರಿಗಿಂತ ನಾಲ್ಕು ಹೆಜ್ಜೆ ಮುಂದೆ ಶ್ರೀವಾದಿರಾಜರ 'ಲಕ್ಷ್ಮೀಶೋಭಾನೆ'ಯನ್ನು ಗಟ್ಟಿಯಾಗಿ ಹೇಳುತ್ತ ನಡೆಯುವಳು. ಆ ಧ್ವನಿಯನ್ನು ಹಿಡಿದು ಅವರು ಹಿಂದೆ ಬರುವರು. ಹೊಸ್ತಿಲು ಬಂದಾಗ ಆಕೆ ಪದದ ನಡುವೆಯೇ "ಹೊಸ್ತಿಲು" ಎನ್ನುತ್ತಾಳೆ. ಮದುವೆಯಾದ ಮೇಲೆ ಆಕೆಯ ಧ್ವನಿಯನ್ನು ಇಷ್ಟು ಕೇಳಿದ್ದೇ ಇಲ್ಲವೆಂದು ತಂದೆಯವರು ಒಮ್ಮೆ ಹೇಳಿದರು. ಈಗ ಮೊಬೈಲ್ ಫೋನೂ ಪಂಚಾಂಗವನ್ನು ಓದಿ ಹೇಳುತ್ತದೆ; ತಂದೆಯವರು ಅದನ್ನು ಕೇಳುತ್ತಾರೆ ಕೂಡ. ಹೊಸ್ತಿಲು ಬಂತೆಂದು ಅದು ಹೇಳುವುದಿಲ್ಲ.

ಇದನ್ನು ನೋಡುವಾಗಲೆಲ್ಲ ಆಶ್ರಮವಾಸಿಕಪರ್ವದ ಒಂದು ಚಿತ್ರ ನನಗೆ ನೆನಪಾಗುತ್ತದೆ. ವೃದ್ಧರು ಹಸ್ತಿನಾವತಿಯನ್ನು ಬಿಟ್ಟು ವನಕ್ಕೆ ಹೊರಟಾಗ ಕುಂತಿ ಮುಂದೆ. ಅವಳ ಹೆಗಲ ಮೇಲೆ ಗಾಂಧಾರಿಯ ಕೈ. ಗಾಂಧಾರಿಯ ಹೆಗಲ ಮೇಲೆ ಧೃತರಾಷ್ಟ್ರನ ಕೈ. ವನದಲ್ಲಿ ಏರುತಗ್ಗಿನ ನೆಲದಲ್ಲಿ ಅರಸನನ್ನು ನಡೆಸಿದವನು ಸಂಜಯ, ಗಾಂಧಾರಿಗೆ ಕಣ್ಣಾದವಳು ಕುಂತಿ. ನೂರು ಮಕ್ಕಳನ್ನು ಕೊಂದವರ ತಾಯಿಯೇ ಆ ನೂರು ಮಕ್ಕಳ ತಾಯಿಗೆ ಕಣ್ಣಾದಳು.

ನನ್ನ ಮಾತಿಗೆ ಮತ್ತೆ ಬೆಲೆ ಬರಲು ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಅದಕ್ಕಾಗಿ ನಾನು ಮಾಡಿದ್ದು ಹೆಚ್ಚೇನಿಲ್ಲ. ಅವರು ಕೇಳದಿದ್ದರೂ ಸಣ್ಣಪುಟ್ಟ ಅಪ್ರಿಯಗಳನ್ನು ಹೇಳತೊಡಗಿದೆ: ನಿಮ್ಮ ಪಂಚೆಯಲ್ಲಿ ಕಲೆಯಿದೆ, ಅಡಿಗೆಮನೆಯ ಗಾರೆ ಉದುರಿದೆ, ಹೊಸ ತುಲಸಿ ಇನ್ನೂ ಗೇಣುದ್ದವಿದೆ. ಮೊನ್ನೆ ಮಾಘದ ಒಂದು ಸಂಜೆ ಅಂಗಳದಲ್ಲಿ ಕುಳಿತಿದ್ದಾಗ ಅವರು ದನಿ ತಗ್ಗಿಸಿ ನನ್ನನ್ನು ಕೇಳಿದರು: "ನಿನ್ನ ಅಮ್ಮ ಈಗ ನೋಡಲು ಹೇಗಿದ್ದಾಳೆ?"

ತಾಯಿ ಒಳಗೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಆಕೆಗೆ ಕೇಳಿಸುವಷ್ಟು ಹತ್ತಿರ. ನಾನು ಒಂದು ಕ್ಷಣ ತಡೆದೆ. ಆಮೇಲೆ ಹೇಳಿದೆ: "ಇಳಿದುಹೋಗಿದ್ದಾಳೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾಳೆ."

"ಕಾಲಿನದು ಗೊತ್ತು. ಕೇಳಿಸುತ್ತದೆ" ಎಂದರು ತಂದೆಯವರು. ಸ್ವಲ್ಪ ಹೊತ್ತು ಬಿಟ್ಟು, "ಕೂದಲಿನದು ಗೊತ್ತಿರಲಿಲ್ಲ" ಎಂದರು. ಒಳಗಿನಿಂದ ತಾಯಿ, "ನಿಮ್ಮದೇನು ಕಪ್ಪಗಿದೆಯೇ?" ಎಂದಳು.

॥ ಶ್ರೀಕೃಷ್ಣಾರ್ಪಣಮಸ್ತು ॥